ಆಟೋಕ್ರಾಸ್‌ಗೆ ಹೊಸಬ: ಸ್ಪೋರ್ಟ್ಸ್ ಕಾರಿನಲ್ಲಿ ಮೊದಲು ಏನನ್ನು ಬದಲಿಸಬೇಕು?

ಎರಡನೇ ಗೇರ್:

ಎಲ್ಲರಿಗೂ ನಮಸ್ಕಾರ. ಈಚೆಗೆ ಮಾಜ್ದಾ ಎಂಎಕ್ಸ್-5 ಕಾರೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೇನೆ. ಕಂಪನಿಯಿಂದ ಹೊರಬಂದಾಗ ಹೇಗಿತ್ತೋ ಹಾಗೆಯೇ ಇದೆ. ಹಿಂದಿನ ಮಾಲೀಕರು ಯಾವ ಮಾರ್ಪಾಡನ್ನೂ ಮಾಡಿಸಿಲ್ಲ. ಇಂತಹ ಕಾರಿನ ಸಾಮರ್ಥ್ಯವನ್ನು ಸಾರ್ವಜನಿಕ ರಸ್ತೆಯಲ್ಲಿ ಪರೀಕ್ಷಿಸುವುದು ಸರಿಯಲ್ಲವೆಂದು ನಾನು ದೃಢವಾಗಿ ನಂಬಿರುವುದರಿಂದ, ವಿಶಾಲವಾದ ಡಾಂಬರು ಮೈದಾನದಲ್ಲಿ ಕೋನ್‌ಗಳನ್ನಿಟ್ಟು ಒಂದೊಂದೇ ಕಾರನ್ನು ಬಿಟ್ಟು ಸಮಯ ಅಳೆಯುವ ಆಟೋಕ್ರಾಸ್‌ಗೆ ಸೇರಬೇಕೆಂದುಕೊಂಡಿದ್ದೇನೆ.

ಸಸ್ಪೆನ್ಷನ್, ಟೈರ್, ಬ್ರೇಕ್ ಪ್ಯಾಡ್, ರೇಸಿಂಗ್ ಸೀಟು, ಭುಜಗಳೆರಡನ್ನೂ ಬಿಗಿಯುವ ನಾಲ್ಕು ಪಾಯಿಂಟ್ ಬೆಲ್ಟ್ ಹೀಗೆ ಒಬ್ಬೊಬ್ಬರು ಒಂದೊಂದನ್ನು ಮೊದಲು ಹಾಕಿಸಿಕೊಳ್ಳಲು ಹೇಳುತ್ತಿದ್ದಾರೆ. ಕೈಯಲ್ಲಿರುವ ಹಣಕ್ಕೆ ಮಿತಿಯಿದೆ. ಮೊದಲ ಸ್ಪರ್ಧೆಗೆ ಮುನ್ನ ಕಾರಿಗೆ ನಿಜವಾಗಿ ಏನು ಬೇಕು, ಆ ದಿನ ನಾನು ಏನನ್ನು ಗಮನಿಸಬೇಕು ಎಂಬುದನ್ನು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ಕೋನ್ ಕಾವಲು:

ಸ್ವಾಗತ. ನೇರ ಉತ್ತರವನ್ನೇ ಮೊದಲು ಹೇಳುತ್ತೇನೆ. ಕಾರು ಸುಸ್ಥಿತಿಯಲ್ಲಿದ್ದರೆ ಮೊದಲ ಸ್ಪರ್ಧೆಗೆ ಮುನ್ನ ಅದರಲ್ಲಿ ಏನನ್ನೂ ಬದಲಿಸಬೇಡಿ. ಎಂಎಕ್ಸ್-5 ಸುಮಾರು ಒಂದು ಟನ್ ತೂಕದ, ಮುಂದೆ ಹಿಂದೆ ಭಾರ ಹೆಚ್ಚುಕಡಿಮೆ ಸಮನಾಗಿ ಹಂಚಿಹೋದ, ಹಿಂದಿನ ಚಕ್ರಗಳಿಂದ ಓಡುವ ಕಾರು. 1989ರಲ್ಲಿ ಬಂದ ಮೊದಲ ಮಾದರಿಯಿಂದ ಇಂದಿನವರೆಗೂ ಆಟೋಕ್ರಾಸ್ ಮೈದಾನಗಳಲ್ಲಿ ಅದು ಕಾಣಿಸುತ್ತಲೇ ಇರುವುದಕ್ಕೆ ಕಾರಣ ಇದೇ ಗುಣಗಳು.

ಬದಲಿಸಬೇಡಿ ಎನ್ನುವುದಕ್ಕೆ ಖರ್ಚಿಗಿಂತ ದೊಡ್ಡ ಕಾರಣವೊಂದಿದೆ. ಸರ್ಕ್ಯೂಟಿನಲ್ಲಿ ಓಡಿಸುವವರು ಒಂದೇ ತಿರುವಿಗೆ ಮತ್ತೆ ಮತ್ತೆ ಬಂದು ಅದನ್ನು ಕಲಿಯುತ್ತಾರೆ. ಆಟೋಕ್ರಾಸ್‌ನಲ್ಲಿ ಕೋನ್‌ಗಳ ಹಾದಿ ಪ್ರತಿ ಸ್ಪರ್ಧೆಗೂ ಹೊಸದು. ಒಂದು ಓಟ ಸಾಮಾನ್ಯವಾಗಿ ಅರ್ಧ ನಿಮಿಷದಿಂದ ಒಂದು ನಿಮಿಷದ ಆಸುಪಾಸು, ದಿನಕ್ಕೆ ಸಿಗುವುದು ನಾಲ್ಕೋ ಆರೋ ಓಟ. ಬೆಳಗಿನಿಂದ ಸಂಜೆಯವರೆಗೆ ಮೈದಾನದಲ್ಲಿದ್ದರೂ ಸ್ಪರ್ಧೆಯ ವೇಗದಲ್ಲಿ ಕಾರು ಓಡಿಸುವ ಅವಧಿ ಒಟ್ಟು ಐದಾರು ನಿಮಿಷ ಮೀರುವುದಿಲ್ಲ. ಅಷ್ಟರೊಳಗೆ ಕಲಿಯಬೇಕಾದದ್ದು ಎಲ್ಲಿ ನೋಡಬೇಕು, ಯಾವಾಗ ತಿರುಗಿಸಬೇಕು ಎಂಬುದನ್ನು. ಪ್ರತಿ ಸ್ಪರ್ಧೆಗೂ ಕಾರಿನ ಸ್ವಭಾವವನ್ನೇ ಬದಲಿಸುತ್ತಿದ್ದರೆ, ಸಮಯ ಸುಧಾರಿಸಿದ್ದು ನಿಮ್ಮಿಂದಲೋ ಹೊಸ ಭಾಗದಿಂದಲೋ ಎಂಬುದೇ ತಿಳಿಯದೆ ಹೋಗುತ್ತದೆ.

ಆದ್ದರಿಂದ ಓಟಕ್ಕೆ ಮುನ್ನ ಹಾದಿಯನ್ನು ಕಾಲ್ನಡಿಗೆಯಲ್ಲಿ ನೋಡಲು ಕೊಡುವ ಸಮಯವನ್ನೇ ನಿಮ್ಮ ಅಭ್ಯಾಸವೆಂದು ತಿಳಿಯಿರಿ. ಕನಿಷ್ಠ ಮೂರು ಬಾರಿ ನಡೆಯಿರಿ. ಮೊದಲ ಬಾರಿ ಹೊಸಬರಿಗಾಗಿ ಏರ್ಪಡಿಸುವ ಗುಂಪಿನ ಜೊತೆಗೆ ಹೋಗಿ. ಎರಡನೆಯ ಬಾರಿ ಮುಖ್ಯವಾದ ಜಾಗಗಳಲ್ಲಿ ಮೊಣಕಾಲೂರಿ ಕುಳಿತು ನೋಡಿ. ನಿಂತಾಗ ಸ್ಪಷ್ಟವಾಗಿ ಕಾಣುವ ಹಾದಿಯು, ನಿಮ್ಮ ಕಾರಿನಂತಹ ತಗ್ಗಾದ ಆಸನದ ಎತ್ತರದಿಂದ ನೋಡಿದಾಗ ಒಂದರ ಹಿಂದೊಂದು ಬೆರೆತುಹೋದ ಕಿತ್ತಳೆ ಬಣ್ಣದ ರಾಶಿಯಾಗಿಬಿಡುತ್ತದೆ, ಮತ್ತು ಓಟದ ವೇಳೆ ನಿಮಗೆ ಕಾಣುವುದು ಆ ರಾಶಿಯೇ. ಮೂರನೆಯ ಬಾರಿ ಯಾರೊಡನೆಯೂ ಮಾತನಾಡದೆ ಒಬ್ಬರೇ ನಡೆಯಿರಿ. ಹಾದಿಯ ಮಧ್ಯದಲ್ಲಿ ನಡೆಯದೆ, ಕಾರನ್ನು ಎಲ್ಲಿ ಓಡಿಸಬೇಕೆಂದಿದ್ದೀರೋ ಅದೇ ಗೆರೆಯಲ್ಲಿ ಹೆಜ್ಜೆಯಿಡಿ. ಸಡಿಲ ಜಲ್ಲಿ, ಬಿಳಿ ಬಣ್ಣದ ಪಟ್ಟೆ, ಚರಂಡಿಯ ಮುಚ್ಚಳ, ನೆಲದ ಇಳಿಜಾರು ಇವೆಲ್ಲ ಎಲ್ಲಿವೆಯೆಂದು ಗುರುತು ಹಾಕಿಕೊಳ್ಳಿ. ಕೊನೆಗೆ ಕಣ್ಣು ಮುಚ್ಚಿ ಆರಂಭದಿಂದ ಅಂತ್ಯದವರೆಗೆ ಹಾದಿಯನ್ನು ಮನಸ್ಸಿನಲ್ಲೇ ಓಡಿಸಿನೋಡಿ. ಎಲ್ಲಿ ತಡವರಿಸುತ್ತೀರೋ ಅಲ್ಲಿಗೆ ಮತ್ತೊಮ್ಮೆ ಹೋಗಿಬನ್ನಿ.

ಮೈದಾನದಲ್ಲಿ ನೂರಾರು ಕೋನ್‌ಗಳಿದ್ದರೂ ನಿಮ್ಮ ಗೆರೆಯನ್ನು ನಿರ್ಧರಿಸುವವು ಬಹಳ ಕಡಿಮೆ. ಪ್ರತಿ ತಿರುವಿನಲ್ಲೂ ಕಾರು ಒತ್ತಿ ಹಾದುಹೋಗಬೇಕಾದ ಒಂದು ಕೋನ್ ಇರುತ್ತದೆ, ಉಳಿದವು ಬರೀ ಅಂಚನ್ನು ತೋರಿಸಲು ನಿಂತಿರುತ್ತವೆ. ಆ ಮುಖ್ಯ ಕೋನ್‌ಗಳನ್ನಷ್ಟೇ ನೆನಪಿಡಿ. ನೆಲದ ಮೇಲೆ ಮಲಗಿಸಿರುವ ಕೋನಿನ ತುದಿ ಯಾವ ಕಡೆಗೆ ಬೊಟ್ಟು ಮಾಡುತ್ತದೆಯೋ, ಪಕ್ಕದಲ್ಲಿ ನಿಂತಿರುವ ಕೋನಿನ ಆ ಬದಿಯಿಂದ ಕಾರು ಹೋಗಬೇಕು.

ಹೆಸರಿನ ಬಗ್ಗೆಯೂ ಒಂದು ಮಾತು. ಬ್ರಿಟನ್ನಿನಲ್ಲಿ ಆಟೋಕ್ರಾಸ್ ಎಂದರೆ ಹುಲ್ಲು ಅಥವಾ ಮಣ್ಣಿನ ನೆಲದ ಸ್ಪರ್ಧೆ. ನೀವು ಹೇಳುತ್ತಿರುವ ಬಗೆಗೆ ಅಲ್ಲಿ ಆಟೋಸೋಲೋ ಎನ್ನುತ್ತಾರೆ. ಜಪಾನಿನಲ್ಲಿ ಇದಕ್ಕೆ ಹತ್ತಿರವಾದದ್ದು ಜಿಮ್ಖಾನಾ. ನಿಯಮಗಳನ್ನು ಓದುವಾಗ ಇದನ್ನು ಗಮನದಲ್ಲಿಡಿ.

ಹಿಡಿತ:

ಹಾದಿಯನ್ನು ನಡೆದು ನೋಡುವ ವಿಷಯದಲ್ಲಿ ಮೇಲಿನವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಏನನ್ನೂ ಬದಲಿಸಬೇಡಿ ಎಂಬ ಸಲಹೆಗೆ ಟೈರ್‌ಗಳನ್ನು ಹೊರತುಪಡಿಸಬೇಕು. ನೆಲಕ್ಕೆ ತಾಗುವ ಭಾಗ ಅದೊಂದೇ, ಎಂಜಿನ್ ಬ್ರೇಕ್ ಸ್ಟೀರಿಂಗ್ ಮೂರರ ಕೆಲಸವೂ ಅಲ್ಲಿಂದಲೇ ನಡೆಯಬೇಕು.

ಒಂದು ಲೆಕ್ಕ ಕೊಡುತ್ತೇನೆ. 15 ಮೀಟರ್ ತ್ರಿಜ್ಯದ ತಿರುವೊಂದರಲ್ಲಿ 0.85 ಜಿ (ಒಂದು ಜಿ ಎಂದರೆ ಭೂಮಿಯ ಗುರುತ್ವದಷ್ಟು) ಹಿಡಿತ ಕೊಡುವ ಟೈರ್ ಇದ್ದರೆ ಗಂಟೆಗೆ ಸುಮಾರು 40 ಕಿ.ಮೀ. ವೇಗದಲ್ಲಿ ಹೋಗಬಹುದು. ಹಿಡಿತ 1 ಜಿ ಇದ್ದರೆ ಅದೇ ತಿರುವಿನಲ್ಲಿ ವೇಗ 44ರ ಹತ್ತಿರಕ್ಕೆ ಬರುತ್ತದೆ. ನಾಲ್ಕು ಕಿಲೋಮೀಟರ್ ಎಂದರೆ ಅತ್ಯಲ್ಪವೆಂದು ಕಂಡರೂ, ನೇರ ಹಾದಿ ಎಂಬುದೇ ಇಲ್ಲದ ಓಟದಲ್ಲಿ ಆ ವ್ಯತ್ಯಾಸ ಪ್ರತಿ ತಿರುವಿನಲ್ಲೂ ಸೇರುತ್ತಾ ಹೋಗಿ ಕೊನೆಯಲ್ಲಿ ಸೆಕೆಂಡುಗಳಾಗುತ್ತದೆ. ಟ್ರೆಡ್‌ವೇರ್ ಸಂಖ್ಯೆ (ಟೈರ್ ಎಷ್ಟು ನಿಧಾನವಾಗಿ ಸವೆಯುತ್ತದೆಂದು ತಯಾರಕರು ಕೊಡುವ ಅಂಕಿ, ಅದು ಕಡಿಮೆಯಿದ್ದಷ್ಟೂ ಸಾಮಾನ್ಯವಾಗಿ ಹಿಡಿತ ಹೆಚ್ಚು) 200 ಇರುವ ಬೇಸಿಗೆಯ ಟೈರ್‌ಗಳು ರಸ್ತೆಗೂ ನಡೆಯುತ್ತವೆ, ಸ್ಪರ್ಧೆಗೂ ಆಗುತ್ತವೆ. ಬಹಳಷ್ಟು ಕ್ಲಬ್‌ಗಳು ರಸ್ತೆ ಕಾರುಗಳ ವಿಭಾಗದಲ್ಲಿ ಇದೇ ಸಂಖ್ಯೆಯನ್ನು ಕನಿಷ್ಠ ಮಿತಿಯಾಗಿ ಇಟ್ಟಿವೆ.

ಸೆಕೆಂಡ್ ಹ್ಯಾಂಡ್ ಕಾರಾದ್ದರಿಂದ ಟೈರ್‌ನ ಗೋಡೆಯ ಮೇಲಿನ ತಯಾರಿಕೆಯ ಸಂಕೇತವನ್ನು ಇಂದೇ ನೋಡಿ. ಡಾಟ್ (DOT) ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನು, ಉಳಿದೆರಡು ವರ್ಷವನ್ನು ಹೇಳುತ್ತವೆ. 2318 ಎಂದಿದ್ದರೆ 2018ರ 23ನೆಯ ವಾರದಲ್ಲಿ ತಯಾರಾದದ್ದು. ಕಡಿಮೆ ಓಡಿಸಿದ ಸ್ಪೋರ್ಟ್ಸ್ ಕಾರುಗಳಲ್ಲಿ ಟೈರ್‌ನ ಅಚ್ಚು ಸವೆದಿರುವುದಿಲ್ಲ, ಆದರೆ ರಬ್ಬರು ಗಟ್ಟಿಯಾಗಿರುತ್ತದೆ. ನೋಡಲು ಹೊಸದರಂತಿರುವ ಇಂತಹ ಟೈರ್ ಅಪಾಯಕಾರಿ.

ಕೋನ್ ಕಾವಲು:

ಹಿಡಿತ ಅವರ ಲೆಕ್ಕ ಸರಿಯಾಗಿದೆ, ಹಳೆಯ ಟೈರ್‌ಗಳ ಬಗೆಗಿನ ಎಚ್ಚರಿಕೆಯೂ ಅಷ್ಟೇ ಅಗತ್ಯವಾದದ್ದು. ಬಿರುಕು ಬಿಟ್ಟ ಅಥವಾ ವಯಸ್ಸಾದ ಟೈರ್‌ಗಳಿದ್ದರೆ ಅವುಗಳನ್ನು ತೆಗೆಸಲೇಬೇಕು, ಅದು ಮಾರ್ಪಾಡಲ್ಲ, ದುರಸ್ತಿ. ನನ್ನ ಭಿನ್ನಾಭಿಪ್ರಾಯ ಇರುವುದು ಸುಸ್ಥಿತಿಯಲ್ಲಿರುವ ಸಾಧಾರಣ ಟೈರ್‌ಗಳನ್ನು ತೆಗೆದು ಅಂಟು ಹಿಡಿತದ ಟೈರ್ ಹಾಕಿಸುವ ಬಗ್ಗೆ.

ಸಾಧಾರಣ ಟೈರ್ ತನ್ನ ಮಿತಿ ಸಮೀಪಿಸುವಾಗ ಕಿರುಗುಟ್ಟಿ ಮುನ್ಸೂಚನೆ ಕೊಡುತ್ತದೆ, ಕಡಿಮೆ ವೇಗದಲ್ಲೇ ಜಾರಲಾರಂಭಿಸುತ್ತದೆ, ಜಾರುವುದೂ ನಿಧಾನವಾಗಿ. ಮುಂದಿನ ಚಕ್ರ ಜಾರುತ್ತಿದೆಯೋ ಹಿಂದಿನದೋ ಎಂಬುದನ್ನು ಬೆನ್ನಿನಿಂದ, ಅಂಗೈಯಿಂದ ಗುರುತಿಸುವ ವಿದ್ಯೆಯನ್ನು ಅದು ಚೆನ್ನಾಗಿ ಕಲಿಸುತ್ತದೆ. ಹೆಚ್ಚು ಹಿಡಿತದ ಟೈರ್ ಅಷ್ಟು ಸದ್ದು ಮಾಡುವುದಿಲ್ಲ. ಚಾಲಕ ತಡವಾಗಿ ತಿರುಗಿಸಿದರೂ, ಅಗತ್ಯಕ್ಕಿಂತ ಹೆಚ್ಚು ಸ್ಟೀರಿಂಗ್ ಎಳೆದರೂ ಅದು ಸಹಿಸಿಕೊಂಡುಬಿಡುವುದರಿಂದ ಆ ಅಭ್ಯಾಸಗಳೇ ಬೇರೂರುತ್ತವೆ. ಅನುಭವಿ ಚಾಲಕರೊಬ್ಬರು ಹೊಸಬರ ಕಾರನ್ನು ಅದೇ ಟೈರ್‌ಗಳಲ್ಲಿ, ಅದೇ ಹಾದಿಯಲ್ಲಿ ಓಡಿಸಿ ಹಲವು ಸೆಕೆಂಡು ಕಡಿಮೆ ಸಮಯ ತೆಗೆಯುವುದನ್ನು ಎಲ್ಲ ಮೈದಾನಗಳಲ್ಲೂ ನೋಡಬಹುದು. ಆ ಸೆಕೆಂಡುಗಳು ಟೈರ್ ಅಂಗಡಿಯಲ್ಲಿ ಸಿಗುವುದಿಲ್ಲ. ಈಗಿರುವ ಟೈರ್‌ಗಳನ್ನು ಸವೆಯುವವರೆಗೆ ಬಳಸಿ, ಮುಂದಿನ ಜೊತೆ ಕೊಳ್ಳುವಾಗ ಅವರು ಹೇಳಿದ 200ರದನ್ನೇ ಕೊಳ್ಳಿ.

ಅಲ್ಲಿಯವರೆಗೆ ಗಾಳಿಯ ಒತ್ತಡವನ್ನು ಸರಿಪಡಿಸಿಕೊಳ್ಳಲು ಕಲಿಯಿರಿ, ಖರ್ಚಿಲ್ಲದೆ ಸಿಗುವ ದೊಡ್ಡ ಲಾಭ ಇದು. ಬಾಗಿಲ ಚೌಕಟ್ಟಿನ ಮೇಲೆ ತಯಾರಕರು ನಮೂದಿಸಿದ ಒತ್ತಡಕ್ಕಿಂತ ಎರಡು ಮೂರು ಪಿಎಸ್‌ಐ ಹೆಚ್ಚಿಗೆ ಇಟ್ಟು ಆರಂಭಿಸಿ. ಟೈರ್‌ನ ಅಚ್ಚು ಮುಗಿದು ಗೋಡೆ ಆರಂಭವಾಗುವ ಭುಜದ ಮೇಲೆ ಮೂರು ಕಡೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆಯಿರಿ. ಹಲವು ಟೈರ್‌ಗಳಲ್ಲಿ ಅದೇ ಜಾಗದಲ್ಲಿ ಸಣ್ಣ ತ್ರಿಕೋನದ ಗುರುತೂ ಇರುತ್ತದೆ. ಓಟ ಮುಗಿದ ಮೇಲೆ ಸುಣ್ಣ ತ್ರಿಕೋನದ ಕೆಳಗಿನವರೆಗೂ ಅಳಿಸಿಹೋಗಿದ್ದರೆ ಟೈರ್ ತಿರುವಿನಲ್ಲಿ ಮಗುಚಿಕೊಂಡು ಗೋಡೆಯ ಮೇಲೆ ಓಡುತ್ತಿದೆ ಎಂದರ್ಥ, ಗಾಳಿ ಹೆಚ್ಚಿಸಬೇಕು. ಸುಣ್ಣ ಅಚ್ಚಿನ ಅಂಚಿನಲ್ಲೂ ಹಾಗೇ ಉಳಿದಿದ್ದರೆ ಸ್ವಲ್ಪ ಬಿಡಬೇಕು. ಓಟದಿಂದ ಓಟಕ್ಕೆ ಟೈರ್ ಬಿಸಿಯಾಗಿ ಒತ್ತಡ ತಾನಾಗಿಯೇ ಏರುವುದರಿಂದ ಪ್ರತಿ ಓಟದ ನಂತರವೂ ಅಳೆದು ಬರೆದಿಡಿ.

ತಪಾಸಣಾ ಸಾಲು:

ಸ್ಪರ್ಧೆಗೆ ಮುನ್ನ ಕಾರುಗಳನ್ನು ಪರಿಶೀಲಿಸುವ ಕೆಲಸ ಮಾಡುವವನಾಗಿ ಕೆಲವು ವಿಷಯಗಳನ್ನು ಸೇರಿಸುತ್ತೇನೆ. ವೇಗದ ಚರ್ಚೆಯಲ್ಲಿ ಇವು ಹಿಂದೆ ಬೀಳಬಾರದು.

ನಾವು ನೋಡುವುದು ಇಷ್ಟೇ: ಬ್ಯಾಟರಿ ಕೈಯಿಂದ ಅಲುಗಾಡಿಸಿದರೆ ಕದಲಬಾರದು. ಬ್ರೇಕ್ ಪೆಡಲ್ ಗಟ್ಟಿಯಾಗಿ ನಿಲ್ಲಬೇಕು, ಒತ್ತಿಹಿಡಿದಾಗ ಕುಸಿಯುತ್ತಾ ಹೋಗಬಾರದು. ಆಕ್ಸಿಲರೇಟರ್ ಬಿಟ್ಟೊಡನೆ ಹಿಂದಕ್ಕೆ ಬರಬೇಕು. ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಬೇರಿಂಗಿನಲ್ಲಿ ಸಡಿಲ ಇರಬಾರದು. ಎಣ್ಣೆಯಾಗಲಿ ನೀರಾಗಲಿ ಸೋರಬಾರದು. ಚಕ್ರದ ನಟ್‌ಗಳನ್ನು ತಯಾರಕರ ಕೈಪಿಡಿಯಲ್ಲಿ ಹೇಳಿದ ಬಿಗಿಗೆ ಟಾರ್ಕ್ ವ್ರೆಂಚಿನಿಂದ ಬಿಗಿದಿರಬೇಕು. ಕಾರಿನೊಳಗೆ ಬಿಡಿಯಾಗಿ ಏನೂ ಇರಕೂಡದು. ಚಾಲಕರ ಕಾಲಡಿಯ ಮ್ಯಾಟನ್ನೂ ತೆಗೆಯಿಸುತ್ತೇವೆ. ಸೀಟಿನ ಕೆಳಗೆ ಮರೆತ ನೀರಿನ ಬಾಟಲಿಯೊಂದು ಜೋರಾಗಿ ಬ್ರೇಕ್ ಹಾಕಿದಾಗ ಮುಂದಕ್ಕೆ ಉರುಳಿ ಪೆಡಲಿನಡಿ ಸೇರಿಕೊಂಡರೆ, ಎಷ್ಟು ಒಳ್ಳೆಯ ಚಾಲಕನಾದರೂ ಏನೂ ಮಾಡಲಾರ. ಡಿಕ್ಕಿಯನ್ನೂ ಹಿಂದಿನ ದಿನವೇ ಖಾಲಿ ಮಾಡಿ.

ಹೆಲ್ಮೆಟ್ಟಿಗೆ ಸ್ನೆಲ್ ಸಂಸ್ಥೆಯ ಪ್ರಮಾಣಪತ್ರದ ಚೀಟಿ ಒಳಪದರದ ಕೆಳಗೆ ಅಂಟಿಸಿರುತ್ತದೆ. ಎಸ್‌ಎ ಎಂದರೆ ಕಾರು ರೇಸಿಂಗಿನದು, ಬೆಂಕಿ ತಡೆಯುವ ಪರೀಕ್ಷೆಯೂ ರೋಲ್ ಬಾರಿಗೆ (ಕಾರು ಮಗುಚಿದರೆ ತಲೆ ಕಾಯುವ ಉಕ್ಕಿನ ಕಮಾನು) ತಲೆ ಬಡಿಯುವಂತಹ ಹೊಡೆತದ ಪರೀಕ್ಷೆಯೂ ಅದಕ್ಕೆ ಉಂಟು. ಎಂ ಎಂದರೆ ಮೋಟಾರ್‌ಸೈಕಲ್ಲಿನದು. 2015, 2020 ಹೀಗೆ ಐದು ವರ್ಷಕ್ಕೊಮ್ಮೆ ಮಾನದಂಡ ಪರಿಷ್ಕರಣೆಯಾಗುತ್ತಾ ಬಂದಿದೆ. ಆಟೋಕ್ರಾಸ್‌ಗೆ ಎರಡೂ ಬಗೆಯನ್ನು ಒಪ್ಪುವ ಕ್ಲಬ್‌ಗಳು ಬಹಳ ಇವೆ, ಆದರೆ ಎಷ್ಟು ಹಳೆಯದರವರೆಗೆ ಒಪ್ಪುತ್ತಾರೆ ಎಂಬುದನ್ನು ಕೊಳ್ಳುವ ಮುನ್ನ ಕೇಳಿ. ಮೊದಲ ಸ್ಪರ್ಧೆಗೆ ಎರವಲು ಕೊಡುವವರೂ ಇರುತ್ತಾರೆ.

ನಾಲ್ಕು ಪಾಯಿಂಟ್ ಬೆಲ್ಟ್ ಎಂದಿರಿ. ದಯವಿಟ್ಟು ಅದನ್ನು ಒಂಟಿಯಾಗಿ ಹಾಕಿಸಬೇಡಿ. ಕಾರು ಮಗುಚಿದರೆ ಸಾಮಾನ್ಯ ಬೆಲ್ಟಿನಲ್ಲಿ ದೇಹ ಪಕ್ಕಕ್ಕೆ ಬಾಗಲು ಅವಕಾಶವಿರುತ್ತದೆ. ಭುಜಗಳೆರಡನ್ನೂ ಬಿಗಿದಿಡುವ ಬೆಲ್ಟು ದೇಹವನ್ನು ನೆಟ್ಟಗೇ ಹಿಡಿದಿಡುವುದರಿಂದ, ಮೇಲೆ ರೋಲ್ ಬಾರ್ ಇಲ್ಲದಿದ್ದರೆ ಎಲ್ಲ ಭಾರ ಕುತ್ತಿಗೆಯ ಮೇಲೆ ಬರುತ್ತದೆ. ಬಟ್ಟೆಯ ಚಾವಣಿಯ ಕಾರಿನಲ್ಲಿ ಇದು ಇನ್ನೂ ಗಂಭೀರ. ಕಂಪನಿಯ ಬೆಲ್ಟನ್ನೇ ಬಿಗಿಯಾಗಿಸಲು ಒಂದು ಉಪಾಯವಿದೆ: ಸೀಟನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಬೆಲ್ಟ್ ಹಾಕಿ, ಅದನ್ನು ಫಕ್ಕನೆ ಎಳೆದು ಲಾಕ್ ಆಗುವಂತೆ ಮಾಡಿ, ಹಾಗೆಯೇ ಹಿಡಿದು ಸೀಟನ್ನು ಮುಂದಕ್ಕೆ ತನ್ನಿ. ಸೊಂಟ ಗಟ್ಟಿಯಾಗಿ ಕುಳಿತರೆ ಸ್ಟೀರಿಂಗನ್ನು ಆಸರೆಗಾಗಿ ಹಿಡಿದುಕೊಳ್ಳುವ ಅಗತ್ಯ ಬೀಳುವುದಿಲ್ಲ. ರೋಲ್ ಬಾರ್ ಬಗ್ಗೆ ನಿಮ್ಮ ಕ್ಲಬ್ಬಿನ ನಿಯಮ ಏನಿದ್ದರೂ, ಇಂತಹ ಕಾರಿಗೆ ಖರ್ಚು ಮಾಡುವ ಮೊದಲ ದೊಡ್ಡ ಹಣ ಅದಕ್ಕೇ ಹೋಗಬೇಕೆಂಬುದು ನನ್ನ ಅಭಿಮತ.

ವಿಮೆಯ ಷರತ್ತುಗಳನ್ನೂ ಓದಿ. ಸಮಯ ಅಳೆಯುವ ಸ್ಪರ್ಧೆಯಲ್ಲಾದ ಹಾನಿಯನ್ನು ಖಾಸಗಿ ಕಾರಿನ ವಿಮೆ ಸಾಮಾನ್ಯವಾಗಿ ಹೊರಗಿಡುತ್ತದೆ, ಆಯೋಜಕರ ವಿಮೆ ನಿಮ್ಮ ಕಾರಿನ ರಿಪೇರಿಗೆ ಬರುವುದಿಲ್ಲ.

ಎರಡನೇ ಗೇರ್:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಟೈರ್‌ಗಳ ಸಂಕೇತ ನೋಡಿದೆ, ಮೂರು ವರ್ಷದವು, ಬಿರುಕುಗಳಿಲ್ಲ. ಹಾಗಾಗಿ ಇವನ್ನೇ ಉಳಿಸಿಕೊಳ್ಳುತ್ತೇನೆ. ನಾಲ್ಕು ಪಾಯಿಂಟ್ ಬೆಲ್ಟಿನ ಯೋಚನೆಯನ್ನು ಬಿಟ್ಟಿದ್ದೇನೆ.

ಇನ್ನು ಓಡಿಸುವ ವಿಷಯ. ವಿಡಿಯೋಗಳಲ್ಲಿ ನೋಡುವಾಗ ಸಾಲಾಗಿ ಇಟ್ಟ ಕೋನ್‌ಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಳಸಿ ಹೋಗುವ ಸ್ಲಾಲಮ್‌ನಲ್ಲೇ ಹೊಸಬರು ಹೆಚ್ಚು ಎಡವುತ್ತಿರುವಂತೆ ಕಾಣುತ್ತದೆ. ಅಲ್ಲಿ ನಿಜವಾಗಿ ಏನಾಗುತ್ತದೆ? ಕಾರು ಜಾರತೊಡಗಿದರೆ ತಾನಾಗಿಯೇ ತಡೆಯುವ ಸ್ಥಿರತಾ ನಿಯಂತ್ರಣವನ್ನು ಆಫ್ ಮಾಡಬೇಕೇ?

ಗೆರೆ:

ಸ್ಲಾಲಮ್ ಬಗ್ಗೆ ನಾನು ಹೇಳುತ್ತೇನೆ, ಆಟೋಕ್ರಾಸ್‌ನ ಸಾರವೆಲ್ಲ ಅಲ್ಲಿದೆ.

ಕೋನ್‌ಗಳ ನಡುವೆ 20 ಮೀಟರ್ ಅಂತರವಿದೆ, ನಿಮ್ಮ ವೇಗ ಗಂಟೆಗೆ 60 ಕಿ.ಮೀ. ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 16.7 ಮೀಟರ್ ಸಾಗುತ್ತಿರುತ್ತೀರಿ, ಅಂದರೆ ಒಂದು ಕೋನಿನಿಂದ ಮುಂದಿನದಕ್ಕೆ 1.2 ಸೆಕೆಂಡು. ಆ ಅವಧಿಯೊಳಗೆ ಸ್ಟೀರಿಂಗ್ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಬೇಕು, ಕಾರಿನ ಭಾರ ಎಡ ಚಕ್ರಗಳಿಂದ ಬಲ ಚಕ್ರಗಳಿಗೆ ದಾಟಿ ನೆಲೆಗೊಳ್ಳಬೇಕು, ಆಮೇಲೆ ಟೈರ್ ಕಚ್ಚಿಕೊಳ್ಳಬೇಕು. ಕೋನ್ ಪಕ್ಕಕ್ಕೆ ಬಂದಾಗ ತಿರುಗಿಸಿದರಾಯಿತು ಎಂದುಕೊಂಡವರಿಗೆ ಇಷ್ಟಕ್ಕೆಲ್ಲ ಸಮಯವೇ ಉಳಿಯುವುದಿಲ್ಲ. ಮೊದಲ ಕೋನಿಗೆ ಅರ್ಧ ಮೀಟರ್ ತಡವಾದರೆ ಎರಡನೆಯದಕ್ಕೆ ಒಂದು ಮೀಟರ್, ಮೂರನೆಯದಕ್ಕೆ ಇನ್ನೂ ಹೆಚ್ಚು, ನಾಲ್ಕನೆಯದಕ್ಕೆ ಬ್ರೇಕ್ ತುಳಿಯದೆ ಗತ್ಯಂತರವಿಲ್ಲ. ನೋಡುವವರಿಗೆ ನಾಲ್ಕನೆಯ ಕೋನಿನಲ್ಲಿ ಎಡವಿದಂತೆ ಕಂಡರೂ ತಪ್ಪಾಗಿರುವುದು ಮೊದಲನೆಯದರಲ್ಲಿ.

ಪರಿಹಾರವೆಂದರೆ ಬೇಗ ತಿರುಗಿಸುವುದು. ಕಾರು ಕೋನಿನಿಂದ ಅತಿ ದೂರಕ್ಕೆ ಸರಿದು ಹಿಂದಿರುಗಲು ಆರಂಭಿಸುವ ಬಿಂದು ಕೋನಿಗೆ ಮುಂಚೆಯೇ ಬರಬೇಕು, ಕೋನ್ ಪಕ್ಕದಲ್ಲಿ ಹಾದುಹೋಗುವ ಹೊತ್ತಿಗೆ ಕಾರಿನ ಮೂತಿ ಮುಂದಿನ ಕೋನಿನ ಕಡೆಗೆ ತಿರುಗಿಯಾಗಿರಬೇಕು. ಹಿಂದಿನ ಚಕ್ರ ಕೋನಿಗೆ ತಾಗಿಬಿಡುತ್ತದೇನೋ ಎಂಬ ಭಯ ಹುಟ್ಟುವಷ್ಟು ಬೇಗ ತಿರುಗಿಸಿದಾಗ ಸಾಮಾನ್ಯವಾಗಿ ಅದು ಸರಿಯಾದ ಸಮಯವೇ ಆಗಿರುತ್ತದೆ. ಇದು ಸಾಧ್ಯವಾಗಬೇಕಾದರೆ ಕಣ್ಣು ಎದುರಿನ ಕೋನಿನ ಮೇಲಿರದೆ ಅದರ ಮುಂದಿನದರ ಮೇಲಿರಬೇಕು. ಎದುರಿನದನ್ನೇ ದಿಟ್ಟಿಸಿದರೆ ಕೈ ಅದರ ಕಡೆಗೇ ಕಾರನ್ನು ಒಯ್ಯುತ್ತದೆ. ಪಕ್ಕದಲ್ಲಿ ಕುಳಿತ ಶಿಕ್ಷಕರು ಇಡೀ ಓಟದಲ್ಲಿ ಮುಂದೆ ನೋಡಿ, ಮುಂದೆ ನೋಡಿ ಎಂಬ ಒಂದೇ ಮಾತನ್ನು ಹೇಳುತ್ತಿರುವುದು ಇದಕ್ಕಾಗಿಯೇ.

ದೂರದ ಬೆಲೆಯನ್ನೂ ಲೆಕ್ಕ ಹಾಕಿ. ಅದೇ ವೇಗದಲ್ಲಿ ಅನಗತ್ಯವಾಗಿ ಸಾಗಿದ ಪ್ರತಿ ಮೀಟರಿಗೆ 0.06 ಸೆಕೆಂಡು ಹೋಗುತ್ತದೆ. ಇಡೀ ಹಾದಿಯಲ್ಲಿ ಹೀಗೆ ಹದಿನೈದು ಮೀಟರ್ ಹೆಚ್ಚಾಗಿ ಸುತ್ತಿದರೆ ಹೆಚ್ಚುಕಡಿಮೆ ಒಂದು ಸೆಕೆಂಡು. ಸಾವಿರದ ಒಂದು ಭಾಗದವರೆಗೆ ಸಮಯ ಅಳೆಯುವ ಸ್ಪರ್ಧೆಯಲ್ಲಿ ಒಂದು ಸೆಕೆಂಡೆಂದರೆ ಫಲಿತಾಂಶ ಪಟ್ಟಿಯಲ್ಲಿ ಎಷ್ಟೋ ಸ್ಥಾನಗಳು. ಹಾಗೆಂದು ಕೋನ್ ಉರುಳಿಸಿಯೂ ಪ್ರಯೋಜನವಿಲ್ಲ. ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ ಆದ ಎಸ್‌ಸಿಸಿಎ ತನ್ನ ಆಟೋಕ್ರಾಸ್‌ಗೆ ಇಟ್ಟಿರುವ ಸೋಲೋ ನಿಯಮದಲ್ಲಿ ಒಂದು ಕೋನಿಗೆ ಎರಡು ಸೆಕೆಂಡು ದಂಡ. ಕೋನಿನ ಬುಡದ ಸುತ್ತ ಗುರುತು ಎಳೆದಿರುತ್ತಾರೆ. ತಾಗಿಯೂ ಕೋನ್ ನಿಂತೇ ಇದ್ದು, ಗುರುತಿನೊಳಗೆ ಅದರ ಸ್ವಲ್ಪ ಭಾಗವಾದರೂ ಉಳಿದಿದ್ದರೆ ದಂಡವಿಲ್ಲ. ಉರುಳಿದರೆ ಅಥವಾ ಗುರುತಿನಿಂದ ಪೂರ್ತಿ ಹೊರಗೆ ಸರಿದರೆ ಉಂಟು. ಕೋನ್‌ಗಳ ನಡುವೆ ಹಾದುಹೋಗಬೇಕಾದ ಗೇಟನ್ನೇ ತಪ್ಪಿಸಿ ಹೋದರೆ ಆ ಓಟದ ಸಮಯವೇ ಲೆಕ್ಕಕ್ಕಿಲ್ಲ.

ಬ್ರೇಕ್ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಹೊಸಬರು ಮೆತ್ತಗೆ, ಬಹಳ ಹೊತ್ತು ಬ್ರೇಕ್ ಹಾಕುತ್ತಾರೆ. ಒಳ್ಳೆಯ ಟೈರ್‌ಗಳ ಮೇಲೆ 80ರಿಂದ 50 ಕಿ.ಮೀ.ಗೆ ಇಳಿಸಲು 17 ಮೀಟರ್ ಸಾಕು. ನೇರವಾಗಿರುವಾಗಲೇ ಗಟ್ಟಿಯಾಗಿ ತುಳಿದು, ತಿರುಗಿಸಲು ಆರಂಭಿಸುತ್ತಿದ್ದಂತೆ ನಿಧಾನವಾಗಿ ಬಿಡುತ್ತಾ ಬನ್ನಿ. ಹೊರಟೊಡನೆ ಎರಡನೇ ಗೇರಿಗೆ ಹಾಕಿ ಹಾದಿಯುದ್ದಕ್ಕೂ ಅದರಲ್ಲೇ ಇರಿ. ಒಂದೆರಡು ಕಡೆ ಎಂಜಿನ್ ತನ್ನ ಗರಿಷ್ಠ ಸುತ್ತಿಗೆ ಮುಟ್ಟಿದರೂ ಗೇರ್ ಬದಲಿಸುವ ಗೊಡವೆಗೆ ಹೋಗಬೇಡಿ.

ಹಿಂಬದಿ ಎಂಜಿನ್:

ಸ್ಥಿರತಾ ನಿಯಂತ್ರಣದ ಪ್ರಶ್ನೆಗೆ ನನ್ನ ಉತ್ತರ. ನಿಮ್ಮದು ಮೊದಲ ಪೀಳಿಗೆಯ ಎಂಎಕ್ಸ್-5 ಆಗಿದ್ದರೆ ಅದರಲ್ಲಿ ಆ ವ್ಯವಸ್ಥೆಯೇ ಇಲ್ಲ. ಹೊಸದಾಗಿದ್ದರೆ ಮೊದಲ ದಿನ ಅದು ಆನ್ ಆಗಿಯೇ ಇರಲಿ. ಸೂಚನಾ ದೀಪ ಯಾವ ಜಾಗದಲ್ಲಿ ಮಿನುಗುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಅಲ್ಲಿ ನೀವು ಸ್ಟೀರಿಂಗನ್ನೋ ಆಕ್ಸಿಲರೇಟರನ್ನೋ ಒರಟಾಗಿ ಬಳಸಿದ್ದೀರಿ ಎಂದು ಕಾರು ತಿಳಿಸುತ್ತಿದೆ. ದೀಪ ಮಿನುಗುವುದು ಕಡಿಮೆಯಾದ ಮೇಲೆ ಆಫ್ ಮಾಡಿ ನೋಡಿ. ಎಬಿಎಸ್ ಮಾತ್ರ ಎಂದಿಗೂ ಆಫ್ ಮಾಡಬಾರದು.

ಹಿಂದಿನ ಚಕ್ರಗಳಿಂದ ಓಡುವ ಕಾರನ್ನು ಮೊದಲ ಬಾರಿ ಮಿತಿಯವರೆಗೆ ಓಡಿಸುವವರಿಗೆ ಒಂದು ವಿಷಯ ಖಂಡಿತವಾಗಿ ಗೊತ್ತಿರಬೇಕು. ತಿರುವಿನ ಮಧ್ಯದಲ್ಲಿ ವೇಗ ಹೆಚ್ಚಾಯಿತೆಂದು ಗಾಬರಿಯಿಂದ ಆಕ್ಸಿಲರೇಟರನ್ನು ಒಮ್ಮೆಲೇ ಬಿಟ್ಟರೆ ಭಾರ ಮುಂದಕ್ಕೆ ಸರಿಯುತ್ತದೆ, ಹಿಂದಿನ ಟೈರ್‌ಗಳ ಮೇಲಿನ ಒತ್ತು ಕಡಿಮೆಯಾಗುತ್ತದೆ, ಹಿಂಭಾಗ ಹೊರಕ್ಕೆ ಜಾರುತ್ತದೆ. ನನ್ನ ಪೋರ್ಷೆ 911ರಂತಹ ಹಿಂಬದಿಯಲ್ಲೇ ಎಂಜಿನ್ ಇರುವ ಕಾರಿನಲ್ಲಿ ಇದು ತೀವ್ರ, ನಿಮ್ಮದರಲ್ಲಿ ಸೌಮ್ಯ, ಆದರೆ ಕಾರಣ ಒಂದೇ. ಬಿಡುವುದಾದರೆ ಸ್ವಲ್ಪ ಸ್ವಲ್ಪವಾಗಿ ಬಿಡಿ. ಜಾರಲು ಆರಂಭಿಸಿದರೆ ಹೋಗಬೇಕಾದ ಕಡೆಗೆ ನೋಡಿ ಅತ್ತ ಸ್ಟೀರಿಂಗ್ ತಿರುಗಿಸಿ. ಕಾರು ತಿರುಗಿಯೇ ಹೋಯಿತೆಂದರೆ ಕ್ಲಚ್ಚನ್ನೂ ಬ್ರೇಕನ್ನೂ ಪೂರ್ತಿ ತುಳಿದು ನಿಲ್ಲಿಸಿ. ಮುಂಭಾಗ ಜಾರುತ್ತಿದ್ದರೆ ಇನ್ನಷ್ಟು ಸ್ಟೀರಿಂಗ್ ಎಳೆಯುವುದು ಸಹಜ ಪ್ರತಿಕ್ರಿಯೆ, ಅದರಿಂದ ಏನೂ ಸಿಗದು. ಸ್ವಲ್ಪ ಸಡಿಲಿಸಿದಾಗಲೇ ಟೈರ್ ಮತ್ತೆ ಕಚ್ಚಿಕೊಳ್ಳುತ್ತದೆ. ಗೋಡೆಯಾಗಲಿ ಮರವಾಗಲಿ ಹತ್ತಿರವಿಲ್ಲದ ಮೈದಾನದಲ್ಲಿ ಇವನ್ನೆಲ್ಲ ಕಲಿಯಬಹುದೆಂಬುದೇ ಈ ಕ್ರೀಡೆಯನ್ನು ನಾನು ಇಷ್ಟೊಂದು ಹಚ್ಚಿಕೊಂಡಿರುವುದಕ್ಕೆ ಕಾರಣ.

ಕೆಂಪು ಬಾವುಟ:

ಓಡಿಸದಿರುವಾಗ ಮಾಡಬೇಕಾದ ಕೆಲಸವನ್ನು ಯಾರೂ ಹೇಳಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಆಟೋಕ್ರಾಸ್ ಸಂಬಳದ ಸಿಬ್ಬಂದಿಯಿಂದ ನಡೆಯುವುದಲ್ಲ. ಒಂದು ಗುಂಪು ಓಡಿಸುವಾಗ ಇನ್ನೊಂದು ಗುಂಪು ಕೋನ್‌ಗಳನ್ನು ನೋಡಿಕೊಳ್ಳುತ್ತದೆ. ಈ ಸರದಿಯನ್ನು ತಪ್ಪಿಸಿಕೊಂಡವರ ಸಮಯವನ್ನು ರದ್ದು ಮಾಡುವ ನಿಯಮ ಎಷ್ಟೋ ಕಡೆ ಇದೆ.

ನಿಮಗೆ ವಹಿಸಿದ ಜಾಗದಲ್ಲಿ ನಿಂತು, ಕಾರು ಹಾದುಹೋದ ಮೇಲೆ ಬಿದ್ದ ಕೋನನ್ನು ಗುರುತಿನೊಳಗೆ ಮತ್ತೆ ನಿಲ್ಲಿಸಿ, ಎಷ್ಟು ಬಿದ್ದವೆಂದು ರೇಡಿಯೋದಲ್ಲಿ ತಿಳಿಸಬೇಕು. ಮುಂದಿನ ಕಾರು ಹೊರಡುವ ಸದ್ದು ಕೇಳಿದರೆ ಕೋನ್ ಬಿಟ್ಟು ಹಿಂದಕ್ಕೆ ಬನ್ನಿ, ಕೋನಿಗಿಂತ ನೀವು ಮುಖ್ಯ. ಬರುತ್ತಿರುವ ಕಾರಿಗೆ ಎಂದೂ ಬೆನ್ನು ಹಾಕಬೇಡಿ, ಮೊಬೈಲನ್ನು ಜೇಬಿನಿಂದ ತೆಗೆಯಬೇಡಿ, ನೆಲದ ಮೇಲೆ ಕುಳಿತುಕೊಳ್ಳಬೇಡಿ. ಇನ್ನು ನೀವು ಓಡಿಸುವಾಗ ಎಲ್ಲಾದರೂ ಕೆಂಪು ಬಾವುಟ ಕಂಡರೆ ಕೂಡಲೇ ಕಾರನ್ನು ಹತೋಟಿಯಲ್ಲಿ ನಿಲ್ಲಿಸಿ. ಆ ಓಟವನ್ನು ಮತ್ತೆ ಓಡಲು ಬಿಡುತ್ತಾರೆ, ನಷ್ಟವೇನೂ ಇಲ್ಲ.

ಈ ಸರದಿಯಿಂದ ಚಾಲಕರಿಗೂ ಲಾಭವಿದೆ. ಒಂದೇ ತಿರುವಿನ ಪಕ್ಕದಲ್ಲಿ ನಿಂತು ಮೂವತ್ತು ನಲವತ್ತು ಕಾರುಗಳನ್ನು ನೋಡುತ್ತಿದ್ದರೆ, ವೇಗದ ಚಾಲಕರ ಎಂಜಿನ್ ಸದ್ದು ತಿರುವಿನ ಯಾವ ಬಿಂದುವಿನಿಂದ ಏರಲಾರಂಭಿಸುತ್ತದೆ ಎಂಬುದು ಕಿವಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಬಹಳ ಜೋರಾಗಿ ಬಂದು ಟೈರ್ ಕಿರುಚಿಸಿದವರ ಸದ್ದು ತಡವಾಗಿ ಏರುತ್ತದೆ, ತುಸು ಮೊದಲೇ ನಿಧಾನಿಸಿದವರದ್ದು ಬೇಗ ಏರುತ್ತದೆ. ಸಮಯ ಘೋಷಣೆಯಾದಾಗ ಯಾರದ್ದು ಕಡಿಮೆ ಎಂಬುದನ್ನು ತಾಳೆ ನೋಡಿ.

ಎರಡನೇ ಗೇರ್:

ಸೀಮೆಸುಣ್ಣ, ಗಾಳಿ ಅಳೆಯುವ ಗೇಜು, ಟಾರ್ಕ್ ವ್ರೆಂಚ್ ಮೂರನ್ನೂ ತಂದಿಟ್ಟುಕೊಂಡಿದ್ದೇನೆ. ಕ್ಲಬ್ಬಿನವರು ಹೆಲ್ಮೆಟ್ ಎರವಲು ಕೊಡಲು ಒಪ್ಪಿದ್ದಾರೆ. ಒಂದು ಕೊನೆಯ ಪ್ರಶ್ನೆ ಉಳಿದಿದೆ. ಒಂದು ಋತು ಹೀಗೆಯೇ ಓಡಿಸಿದ ಮೇಲೆ ಬದಲಾವಣೆ ಮಾಡಿಸಬೇಕೆನಿಸಿದರೆ ಯಾವುದರಿಂದ ಆರಂಭಿಸಬೇಕು? ವಿಭಾಗಗಳ ನಿಯಮ ಓದಿದಷ್ಟೂ ಗೊಂದಲವಾಗುತ್ತಿದೆ.

ಹಿಡಿತ:

ಯಾವ ಭಾಗವನ್ನೂ ಕೊಳ್ಳದೆ ಚಕ್ರಗಳ ಅಲೈನ್‌ಮೆಂಟಿನಿಂದ ಆರಂಭಿಸಿ. ನಿಮ್ಮ ಕಾರಿನಲ್ಲಿ ಮುಂದೆಯೂ ಹಿಂದೆಯೂ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಮೇಲ್ಭಾಗ ಒಳಕ್ಕೆ ವಾಲಿದ್ದರೆ ನೆಗೆಟಿವ್) ಹೊಂದಿಸಲು ಕಂಪನಿಯೇ ಅವಕಾಶ ಕೊಟ್ಟಿದೆ. ಆ ಮಿತಿಯೊಳಗೆ ಮಾಡುವ ಹೊಂದಾಣಿಕೆಯಿಂದ ವಿಭಾಗ ಬದಲಾಗುವುದಿಲ್ಲ.

ಗೊಂದಲಕ್ಕೆ ಕಾರಣ ಹೀಗಿದೆ. ವಿಭಾಗಗಳನ್ನು ಕಾರಿನ ಮಾದರಿ ಮತ್ತು ಅದಕ್ಕೆ ಮಾಡಿದ ಮಾರ್ಪಾಡು ಎರಡನ್ನೂ ನೋಡಿ ನಿರ್ಧರಿಸುತ್ತಾರೆ. ಎಸ್‌ಸಿಸಿಎಯ ಸ್ಟ್ರೀಟ್ ವಿಭಾಗದಲ್ಲಿ ಶಾಕ್ ಅಬ್ಸಾರ್ಬರ್, ಬ್ರೇಕ್ ಪ್ಯಾಡ್, ಒಂದು ಆ್ಯಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸುವ ಸರಳು, ಮೇಲೆ ಹೇಳಿದ ರೋಲ್ ಬಾರ್ ಅಲ್ಲ) ಇಷ್ಟನ್ನು ಬದಲಿಸಬಹುದು, ಸ್ಪ್ರಿಂಗ್ ಬದಲಿಸುವಂತಿಲ್ಲ. ಅಂದವಾಗಿ ಕಾಣಲೆಂದು ಕಾರನ್ನು ತಗ್ಗಿಸುವ ಸ್ಪ್ರಿಂಗ್ ಹಾಕಿಸಿದವರು ಆ ಒಂದೇ ಕಾರಣಕ್ಕೆ ಮೇಲಿನ ವಿಭಾಗಕ್ಕೆ ಹೋಗಿ, ಅಗಲದ ಚಕ್ರ, ಪೂರ್ತಿ ಸಸ್ಪೆನ್ಷನ್ ಎಲ್ಲ ಸಿದ್ಧಪಡಿಸಿಕೊಂಡು ಬಂದವರೆದುರು ಸ್ಪರ್ಧಿಸಬೇಕಾಗುತ್ತದೆ. ಕೊಳ್ಳುವ ಮುನ್ನ ನಿಮ್ಮ ಕ್ಲಬ್ಬಿನ ನಿಯಮ ಪುಸ್ತಕದಲ್ಲಿ ಆ ಭಾಗದ ಹೆಸರು ಹುಡುಕಿ. ಅನುಮತಿ ಇದೆಯೆಂದು ಬರೆದಿಲ್ಲದಿದ್ದರೆ ಇಲ್ಲವೆಂದೇ ತಿಳಿಯಿರಿ.

ಅಲೈನ್‌ಮೆಂಟಿಗೆ ಹೋಗುವ ಮುನ್ನ ನಾಲ್ಕಾರು ಸ್ಪರ್ಧೆಗಳ ಗಾಳಿಯ ಲೆಕ್ಕವೂ ಸುಣ್ಣದ ಗುರುತುಗಳ ಫೋಟೋಗಳೂ ಕೈಯಲ್ಲಿರಲಿ. ಗಾಳಿ ಸರಿಯಿದ್ದೂ ಮುಂದಿನ ಟೈರ್‌ಗಳ ಹೊರಭುಜವೇ ಸವೆಯುತ್ತಿದ್ದರೆ ಮುಂಭಾಗಕ್ಕೆ ಹೆಚ್ಚು ನೆಗೆಟಿವ್ ಕ್ಯಾಂಬರ್ ಬೇಕೆಂದು ಅವೇ ಹೇಳುತ್ತವೆ. ಮಾಡಿಸಿದ ಮೇಲೆ ಮೊದಲಿನ ಮತ್ತು ಈಗಿನ ಅಳತೆಗಳ ಪ್ರಿಂಟ್ ಕೇಳಿ ಪಡೆದು, ಮುಂದಿನ ಸ್ಪರ್ಧೆಯ ಟೈರ್ ಫೋಟೋಗಳ ಜೊತೆಗೆ ಇಲ್ಲಿ ಹಾಕಿ. ಅದನ್ನು ನೋಡಿ ಹಿಂಭಾಗಕ್ಕೆ ಎಷ್ಟು ಕ್ಯಾಂಬರ್ ಇಡಬೇಕೆಂಬುದನ್ನು ಚರ್ಚಿಸೋಣ.